ಆರು ಬಾಣದಲ್ಲಿ ನಾಲ್ಕು ಎಡಕ್ಕೇ ಹೋಗುತ್ತವೆ, ಯಾಕೆ?

ಪ್ರಶ್ನೆ, ತೀರ್ಥಹಳ್ಳಿಯಿಂದ

ನನ್ನದು ಮರದ ಬಿಲ್ಲು. 28 ಇಂಚು ಎಳೆದಾಗ 40 ಪೌಂಡ್. ಹಿಡಿಯನ್ನು ಪಕ್ಕದಲ್ಲಿ ಕೊರೆದಿಲ್ಲ, ಬಾಣ ಅದರ ಎಡಮಗ್ಗುಲಲ್ಲಿ ನನ್ನ ಬೆರಳಿನ ಮೇಲೆ ಕೂರುತ್ತದೆ. ಎಳೆಯುವುದು ಬಲಗೈಯಲ್ಲಿ. ಬಡಗಿ ಹತ್ರ ಸಿಲ್ವರ್ ಓಕ್ ರೀಪಿನಿಂದ ಆರು ಕಡ್ಡಿ ಮಾಡಿಸಿದೆ. ಎಲ್ಲಾ 9 ಮಿ.ಮೀ. ದಪ್ಪ, 30 ಇಂಚು ಉದ್ದ. ಅಂಗಳದಲ್ಲಿ ಹುಲ್ಲಿನ ಪಿಂಡಿ ಇಟ್ಟು ಬಿಡುತ್ತೇನೆ. ಎರಡು ನೆಟ್ಟಗೆ ಹೋಗುತ್ತವೆ. ನಾಲ್ಕು ಒಂದು ಗೇಣು ಎಡಕ್ಕೆ ಚುಚ್ಚುತ್ತವೆ, ಬಿಡುವಾಗ ಹಿಡಿಗೆ ಟಕ್ ಅಂತ ತಾಗುತ್ತವೆ. ಕೈಯದೇ ತಪ್ಪು ಅಂತ ಒಂದು ವಾರ ಬೆರಳು ನೋಯುವಷ್ಟು ಅಭ್ಯಾಸ ಮಾಡಿದೆ. ಆಮೇಲೆ ಬಾಣಗಳಿಗೆ ಗುರುತು ಹಾಕಿದರೆ, ಪ್ರತಿ ಸಲ ಅದೇ ನಾಲ್ಕು!

ಉತ್ತರ, ಸಾಗರದಿಂದ

ಕೈ ತಪ್ಪಲ್ಲ. ಆ ನಾಲ್ಕು ನಿಮ್ಮ ಬಿಲ್ಲಿಗೆ ಗಡಸು ಜಾಸ್ತಿ. ಹೆದೆ ಬಿಲ್ಲಿನ ನಡುವಿಗೆ ಬರುತ್ತದೆ, ಬಾಣದ ಮೊನೆ ಮಾತ್ರ ಹಿಡಿಯ ದಪ್ಪದಿಂದಾಗಿ ಎಡಕ್ಕೆ ನೋಡುತ್ತಿರುತ್ತದೆ. ಬಿಟ್ಟ ಕೂಡಲೇ ಬಾಣ ಬಾಗಿ, ಹಿಡಿಯನ್ನು ಬಳಸಿಕೊಂಡು ಹೋಗಿ, ಆಮೇಲೆ ನೆಟ್ಟಗಾಗಬೇಕು. ಬಾಗದಿದ್ದರೆ ಮೊನೆ ನೋಡಿದ ಕಡೆಗೇ ಹೋಗುತ್ತದೆ.

ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆಯಿರಿ. ಮೇಲೆ ಬಾಣ ಇಟ್ಟು ನಡುವಿಗೆ 2 ಪೌಂಡ್ ತೂಗುಹಾಕಿ. ಬಾಟಲಿಗೆ ನೀರು ತುಂಬಿ ದಿನಸಿ ಅಂಗಡಿ ತಕ್ಕಡಿಯಲ್ಲಿ 907 ಗ್ರಾಂ ಮಾಡಿಕೊಂಡರೆ ಆಯ್ತು. ಎಷ್ಟು ಇಂಚು ಜಗ್ಗಿತೋ ಅದರಿಂದ 26ನ್ನು ಭಾಗಿಸಿ. ಅದೇ ಬಾಣದ ಸ್ಪೈನ್, ಅಂದರೆ ಗಡಸಿನ ಅಳತೆ. ವರ್ಷದ ಉಂಗುರದ ಗೆರೆಗಳ ಅಂಚು ಹಿಡಿಯ ಕಡೆಗೆ ಬರುವ ಹಾಗೆ ಹೆದೆ ಕಚ್ಚು ಇರಬೇಕು. ಅಳೆಯುವಾಗಲೂ ಅದೇ ಮಗ್ಗುಲನ್ನು ಕೆಳಗೆ ಮಾಡಿ.

ತೀರ್ಥಹಳ್ಳಿ

ಅಳೆದೆ. ನೆಟ್ಟಗೆ ಹೋಗುವ ಎರಡೂ 16 ಮಿ.ಮೀ. ಜಗ್ಗಿದವು, ಅಂದರೆ ಸುಮಾರು 41. ಉಳಿದ ನಾಲ್ಕು ಬರೀ 11 ಮಿ.ಮೀ., ಸುಮಾರು 60! ದಪ್ಪ ಒಂದೇ, ಮರವೂ ಒಂದೇ ಜಾತಿ. ಕತ್ತರಿಸಿ ಗಿಡ್ಡ ಮಾಡಿದರೆ ಸರಿ ಹೋಗುತ್ತಾ?

ಸಾಗರ

ಬೇಡ ಮಾರಾಯ್ರೆ! ಗಿಡ್ಡ ಮಾಡಿದಷ್ಟೂ ಬಾಣ ಇನ್ನೂ ಗಡಸಾಗುತ್ತದೆ. ಉಪ್ಪು ಕಾಗದದಲ್ಲಿ ಉದ್ದಕ್ಕೂ ಒಂದೇ ಸಮ ಉಜ್ಜಿ. 9ರಿಂದ 8.2 ಮಿ.ಮೀ.ಗೆ ಇಳಿಸಿದರೆ ಸಾಕು, ಗಡಸಿನಲ್ಲಿ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಅವಸರ ಮಾಡಬೇಡಿ. ಸ್ವಲ್ಪ ಉಜ್ಜಿ, ಅಳೆದು, ಮತ್ತೆ ಉಜ್ಜಿ. ಬಿಡುವ ಮೊದಲು ಪ್ರತಿ ಬಾಣವನ್ನೂ ಕೈಯಲ್ಲಿ ಬಾಗಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚಿರ್ ಅಂದರೆ ಮುರಿದು ಒಲೆಗೆ ಹಾಕಿ. ಸೀಳು ಬಿಟ್ಟ ಬಾಣ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ.

ಉತ್ತರ, ಆಗುಂಬೆ ಕಡೆಯಿಂದ

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಮರ ಮಳೆಗಾಲದಲ್ಲಿ ತೇವ ಕುಡಿದು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಹೊಂದಿಸಿಟ್ಟ ನನ್ನ ಬಾಣಗಳು ಶ್ರಾವಣದಲ್ಲಿ ಬಲಕ್ಕೆ ಸರಿದವು. ಈಗ ಒಲೆ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಅಳೆದು ಉಜ್ಜಿ, ಮಳೆ ಹಿಡಿಯುವ ಮೊದಲೇ ಎರಡು ಸಲ ವಾರ್ನಿಷ್ ಹೊಡೆಯುತ್ತೇನೆ. ಹೆದೆ ಕೂರುವ ಕಚ್ಚಿನ ಒಳಗೂ ಹಚ್ಚಿ. ಅಲ್ಲಿ ಕಡ್ಡಿಯ ತುದಿ ಕತ್ತರಿಸಿರುತ್ತದಲ್ವಾ, ನೀರು ಎಳೆಯುವುದು ಅಲ್ಲಿಂದಲೇ.