ಅತ್ತಿಗೆ, ಆ ಗೆಸ್ಟ್ ಹೌಸ್ ವಿಷಯ

ಅತ್ತಿಗೆ, ನಿಮ್ಮ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಚಿತ್ರದುರ್ಗದ ಕೋಟೆ ನೋಡೋಕಂತ ಮಕ್ಕಳು ಮರಿ ಕಟ್ಕೊಂಡು ಹೋಗಿ, ಊರ ಹೊರಗಿನ ಆ ತೋಟದ ಗೆಸ್ಟ್ ಹೌಸಲ್ಲಿ ಬಿಸಿನೀರಿಲ್ಲ, ಬಾತ್‌ರೂಮಲ್ಲಿ ನಾತ, ನಡುರಾತ್ರಿ ಫ್ಯಾನು ನಿಂತೋಯ್ತು, ಬೆಳಗೆದ್ರೆ ಪಾಪು ಕೈ ತುಂಬ ದದ್ದು. ಕೇಳಿ ಬಹಳ ಬೇಜಾರಾಯ್ತು. ಚಿಕ್ಕಪ್ಪನೂ ಬರೋ ವಾರ ಅಲ್ಲೇ ರೂಮ್ ಹೇಳ್ತೀನಿ ಅಂದಿದಾರಲ್ಲ, ಅದಕ್ಕೇ ಗ್ರೂಪಲ್ಲೇ ಹೇಳ್ತಿದೀನಿ.

ಮೊದಲು ನಿಮ್ಮ ಬ್ಯಾಗು. ದದ್ದು ಸಾಲಾಗಿ ಮೂರ್ನಾಲ್ಕು ಇದ್ರೆ ತಿಗಣೆ ಇರಬಹುದು, ಬರೀ ದದ್ದು ನೋಡಿ ಸೊಳ್ಳೆನೋ ತಿಗಣೆನೋ ಗಟ್ಟಿಯಾಗಿ ಹೇಳೋಕಾಗಲ್ಲ. ಅದಕ್ಕೆ ತಿಗಣೆ ಅಂತಲೇ ತಿಳ್ಕೊಂಡು ಕೆಲಸ ಮಾಡ್ರಿ. ಬ್ಯಾಗನ್ನ ಮಂಚದ ಮೇಲೆ ಇಡಲೇಬೇಡ್ರಿ. ಒಳಗಿನ ಬಟ್ಟೆ ಎಲ್ಲಾ, ಹಾಕ್ಕೊಳ್ಳದೇ ಇದ್ದದ್ದೂ ಸೇರಿ, ಪ್ಲಾಸ್ಟಿಕ್ ಕವರಿಗೆ ತುಂಬಿ ಸೀದಾ ವಾಷಿಂಗ್ ಮಷಿನ್ನಿಗೆ, 60 ಡಿಗ್ರಿಗೆ ಇಟ್ಟು ಒಗೀರಿ. ಬ್ಯಾಗಿನ ಹೊಲಿಗೆ, ಜಿಪ್ಪಿನ ಅಂಚು ಹಳೇ ಬ್ರಶ್ಶಲ್ಲಿ ಉಜ್ಜಿ. ಬಿಸಿಲಿಗೆ ಹಾಕಿದ್ರೆ ಸಾಕು ಅಂತಾರೆ, ಸಾಲಲ್ಲ. ಮಡಿಕೆ ಒಳಗೆ ಸೇರ್ಕೊಂಡಿದ್ದಕ್ಕೆ ಆ ಕಾವು ತಟ್ಟಲ್ಲ. ಮೊಟ್ಟೆ ಒಡೆಯೋಕೆ ಒಂದು ವಾರ ಹತ್ತು ದಿನ ಬೇಕು, ಹಾಗಾಗಿ ಎರಡು ವಾರ ಬಿಟ್ಟು ನಿಮ್ಮ ಗಾದಿನೂ ಒಂದ್ಸಲ ನೋಡ್ರಿ.

ಚಿಕ್ಕಪ್ಪ, ಇದು ನಿಮಗೆ. ರೂಮಿಗೆ ಹೋದಕೂಡ್ಲೇ ಲಗೇಜು ಹೊರಗೇ ಇರಲಿ. ಬೆಡ್‌ಶೀಟು ಮೂಲೆಯಿಂದ ಎತ್ತಿ, ಗಾದಿ ಅಂಚಿನ ದಾರದ ಹೊಲಿಗೆ ಉದ್ದಕ್ಕೂ ಮೊಬೈಲ್ ಟಾರ್ಚ್ ಹಿಡೀರಿ. ಪೆನ್ನಿನ ಮೊನೆಯಲ್ಲಿ ಚುಕ್ಕಿ ಇಟ್ಟಂಗೆ ಕಪ್ಪು ಕಲೆ, ಕಂದು ಬಣ್ಣದ ತೆಳ್ಳನೆ ಸಿಪ್ಪೆ ಕಂಡ್ರೆ ತಿಗಣೆ ಇದೆ ಅಂತಲೇ ಅರ್ಥ. ತಲೆದಿಂಬಿನ ಕಡೆ ಹಲಗೆ, ಗೋಡೆ ನಡುವಿನ ಸಂದೂ ನೋಡ್ರಿ. ಕಂಡ್ರೆ ಪಕ್ಕದ ರೂಮು ಕೊಡ್ತೀವಿ ಅಂದ್ರೂ ಬೇಡ, ಗೋಡೆ ಬಿರುಕಲ್ಲಿ, ವೈರಿನ ಪೈಪಲ್ಲಿ ಆ ಕಡೆಗೂ ಹೋಗಿರ್ತವೆ. ಫೋಟೋ ತೆಗೆದು, ಕೊಟ್ಟ ದುಡ್ಡು ವಾಪಸ್ ಕೇಳಿ, ಹೊರಟುಬಿಡ್ರಿ. ಉಳಿಯೋಕೆ ದಾವಣಗೆರೆಗೆ ಹೋಗಬಹುದು, ಹೆಚ್ಚುಕಮ್ಮಿ 60 ಕಿಲೋಮೀಟರ್, ಹೈವೇ.

ಆ ನಾತ ಇದೆಯಲ್ಲ, ಅದು ಗಲೀಜಿಂದ ಬಂದಿದ್ದೇ ಅಂತಲ್ಲ. ಬಾತ್‌ರೂಮ್ ನೆಲದ ಜಾಲಿ ಕೆಳಗೆ ನಾನಿ ಟ್ರ್ಯಾಪ್ ಅಂತ ಇರುತ್ತೆ, ಅದರಲ್ಲಿ ಸುಮಾರು ಎರಡು ಇಂಚು ನೀರು ನಿಂತಿದ್ರೇನೆ ಪೈಪಿನ ಗಾಳಿ ಮೇಲೆ ಬರಲ್ಲ. ರೂಮು ವಾರಗಟ್ಟಲೆ ಖಾಲಿ ಬಿದ್ರೆ ಆ ನೀರು ಆರಿಹೋಗುತ್ತೆ, ನಾತನೂ ಜಿರಲೆನೂ ಅಲ್ಲಿಂದಲೇ ಬರೋದು. ಎರಡು ಮಗ್ಗು ನೀರು ನಿಧಾನಕ್ಕೆ ಜಾಲಿಗೆ ಸುರೀರಿ, ಸಿಂಕಿಗೂ ಹಾಗೇ. ಅರ್ಧ ಗಂಟೆಗೆ ಕಮ್ಮಿ ಆಗುತ್ತೆ. ಆಗಲಿಲ್ಲ ಅಂದ್ರೆ ಟ್ರ್ಯಾಪೇ ಹಾಕಿಲ್ಲ ಅಥವಾ ಒಡೆದಿದೆ, ಆಗ ರೂಮು ಬದಲಾಯಿಸ್ರಿ.

ಬಿಸಿನೀರಿನ ಲೆಕ್ಕ ಕೇಳ್ರಿ. 15 ಲೀಟರ್, 2000 ವಾಟಿನ ಗೀಸರ್ ಸರಿಯಾದ 230 ವೋಲ್ಟಲ್ಲಿ 60 ಡಿಗ್ರಿಗೆ ಬರೋಕೆ 18ರಿಂದ 20 ನಿಮಿಷ. ತೋಟದ ಲೈನಿನ ಕೊನೇ ತುದಿಯಲ್ಲಿ ವೋಲ್ಟೇಜು 170ಕ್ಕೆ ಇಳಿದ್ರೆ ಅರ್ಧದಷ್ಟೇ ಕಾವು, ಅದೇ ನೀರಿಗೆ ಅರ್ಧ ಗಂಟೆ ದಾಟುತ್ತೆ. ನಮ್ಮ ಕಡೆ ಬೋರ್ ನೀರು ಗಡಸು ಬೇರೆ, ಕಾಯಿಲ್ ಮೇಲೆ ಸುಣ್ಣದಂಗೆ ಕಟ್ಕೊಂಡಿದ್ರೆ ಇನ್ನೂ ತಡ. ಒಂದು ಟ್ಯಾಂಕಿಗೆ ತಣ್ಣೀರು ಬೆರೆಸಿ ಎರಡು ಬಕೆಟ್ ಸ್ನಾನದ ನೀರು, ಅಷ್ಟೇ. ಐದು ಜನ ಸಾಲಾಗಿ ಸ್ನಾನಕ್ಕೆ ನಿಂತ್ರೆ ಮೂರನೆಯವರಿಗೆ ತಣ್ಣೀರೇ. ಐದು ಗಂಟೆಗೇ ಸ್ವಿಚ್ ಹಾಕಿಸ್ಕೊಳ್ರಿ, ಎರಡು ಬಕೆಟ್ಟಿಗೊಂದ್ಸಲ ಕಾಯಿರಿ.

ಫ್ಯಾನು ನಿಂತಿದ್ದು, ಕರೆಂಟ್ ಹೋದಾಗ ಓಡಿಸೋ ಯುಪಿಎಸ್ಸಿನ ಬ್ಯಾಟರಿ ಹಳೇದಾಗಿದ್ದಕ್ಕೆ ಅನ್ಸುತ್ತೆ. 150 ಎಎಚ್ (ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿ ಹೊಸದಿದ್ದಾಗ ಎರಡು ಫ್ಯಾನು, ಒಂದೆರಡು ಬಲ್ಬು ಏಳೆಂಟು ಗಂಟೆ ಎಳೆಯುತ್ತೆ, ನಾಲ್ಕೈದು ವರ್ಷದ್ದು ಅದರ ಅರ್ಧನೂ ಬರಲ್ಲ. "ಯುಪಿಎಸ್ ಇದೆಯಾ" ಅಂದ್ರೆ ಎಲ್ರೂ ಹೂಂ ಅಂತಾರೆ ಚಿಕ್ಕಪ್ಪ. ಬ್ಯಾಟರಿ ಯಾವ ವರ್ಷದ್ದು, ಎಷ್ಟು ರೂಮಿಗೆ ಒಂದು ಅಂತ ಕೇಳ್ರಿ. ಆ ರೂಮಲ್ಲಿ ಕೊನೇ ಸಲ ಯಾವಾಗ ಜನ ಇದ್ರು ಅಂತನೂ ಕೇಳ್ರಿ, ಟ್ರ್ಯಾಪಿನ ನೀರು ಆರಿದೆಯೋ ಇಲ್ವೋ ಅಂದಾಜು ಸಿಗುತ್ತೆ.

ಅತ್ತಿಗೆ, ಪಾಪು ಕೈಗೆ ತಣ್ಣೀರ ಬಟ್ಟೆ ಇಡ್ರಿ, ಉಗುರು ಕತ್ತರಿಸಿಬಿಡ್ರಿ, ಕೆರ್ಕೊಂಡ್ರೆ ಕೀವಾಗುತ್ತೆ. ಊತ ಜಾಸ್ತಿ ಆದ್ರೆ, ಜ್ವರ ಬಂದ್ರೆ ಇವತ್ತೇ ಡಾಕ್ಟ್ರಿಗೆ ತೋರಿಸ್ರಿ.