ಸಹಾಯ ಬೇಕು: ಸಾಗರ ಪೇಟೆಯ ಹಳೇ ಅಂಗಡಿಗೆ ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮಂಗಳೂರು ಹಂಚು, ಮುಂದೆ ಹಲಗೆಬಾಗಿಲು ಇರುವ ಅಂಗಡಿ. ಹಿಂದೆ ಯಾರೋ ಮಾಡಿಸಿದ ಸಿಮೆಂಟ್ ಗಿಲಾವು ನೆಲದಿಂದ 3 ಅಡಿವರೆಗೆ ಉಬ್ಬಿದೆ. ಕಲ್ಲು ಹೀರಿದ ತೇವ ಹೊರಬರಲು ದಾರಿಯಿಲ್ಲ. ಉಪ್ಪು ಒಳಗೇ ಕಟ್ಟಿಕೊಂಡು, ಬೆರಳಿಟ್ಟರೆ ಕಲ್ಲು ಪುಡಿಯಾಗಿ ಉದುರುತ್ತದೆ. ಮೇಲೊಂದು ಶೀಟ್ ಹೊಡೆದು ಮುಚ್ಚುವ ಸಲಹೆ ದಯವಿಟ್ಟು ಬೇಡ, ಒಳಗಿನ ಗೋಡೆ ಇನ್ನೂ ಬೇಗ ಹಾಳಾಗುತ್ತದೆ.

ಸಿಮೆಂಟನ್ನು ಉಳಿಯಲ್ಲೇ ಬಿಡಿಸಬೇಕು, ಬ್ರೇಕರ್ ಯಂತ್ರ ಹಿಡಿದರೆ ಜಂಬಿಟ್ಟಿಗೆಯೂ ಒಡೆಯುತ್ತದೆ. ಗೋಡೆ ಒಣಗಿದ ಮೇಲೆ, ತಿಂಗಳಾದರೂ ನೀರಲ್ಲಿ ನೆನೆದ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು ಕಲಸಿದ ಗಾರೆ ಬಳಿಯಬೇಕು. ಒಂದು ಪದರ 10 ಮಿ.ಮೀ. ಮೀರದಂತೆ. ಒದ್ದೆ ಗೋಣಿ ಹೊದಿಸಿ ವಾರವಾದರೂ ತೇವ ಕಾಯಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.

ಸಾಗರ, ಸೊರಬ, ಶಿರಸಿ ಕಡೆ ಇಂಥ ಕೆಲಸ ಮಾಡುವವರಿದ್ದರೆ ತಿಳಿಸಿ. ಹಲಗೆಬಾಗಿಲಿಗೆ, ಮನೆ ಕೆಡವಿದಲ್ಲಿ ಸಿಕ್ಕ 7 ಅಡಿಯ ಹಳೇ ಹಲಗೆಗಳಿದ್ದರೂ ಬೇಕು.