ಅಪ್‌ಡೇಟ್: ಬೀಳ್ಕೊಡುಗೆ ಪುಸ್ತಕ ಕೊನೆಗೂ ಅಚ್ಚಾಯಿತು

ನಮ್ಮ ಕ್ಯಾಥೊಲಿಕ್ ಬಾಯ್ಸ್ ಸ್ಕೂಲಿನ ಕೊನೇ ವರ್ಷದ ಗೆಳೆಯರ ಬಗ್ಗೆ, ಯಾರಿಗೂ ಬೇಜಾರಾಗದ ಹಾಗೆ ನಾಲ್ಕು ಸಾಲು ಬರೆಯೋದು ಹೇಗೆ ಅಂತ ಕೇಳಿದ್ದೆ ಅಲ್ವಾ? 'ಗುಣ ಹೊಗಳಬೇಡ, ಒಂದು ಘಟನೆ ಬರಿ' ಅಂದಿರಿ. ಅದೇ ಕೆಲಸ ಮಾಡಿತು.

ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಫಾದರ್ ಪ್ರಸಾದ ಎತ್ತಿ ಹಿಡಿದಾಗ ಗಂಟೆ ಬಾರಿಸಬೇಕಾದ ಗೆಳೆಯನೊಬ್ಬ, ನಿದ್ದೆಗಣ್ಣಲ್ಲಿ ಪ್ರವಚನದ ನಡುವೆಯೇ ಬಾರಿಸಿಬಿಟ್ಟಿದ್ದ. ಫಾದರ್ ಒಂದು ಕ್ಷಣ ನಿಂತು, 'ಸರಿ, ಮುಗಿಸ್ತೀನಿ' ಅಂದಿದ್ದರು. ಅಷ್ಟೇ ಬರೆದೆ. ಈಗ ಅವನೇ ಎಲ್ಲರಿಗೂ ಓದಿ ಹೇಳುತ್ತಿದ್ದಾನೆ!

ಮಾತೇ ಆಡದವನ ಬಗ್ಗೆ ಬರೆಯೋದು ಕಷ್ಟವಾಯಿತು. ಅವನು ಉತ್ತರ ಪತ್ರಿಕೆಯ ತಲೆಯಲ್ಲಿ 'ಎ.ಎಂ.ಡಿ.ಜಿ.' ಅಂತ ಬರೆಯುತ್ತಿದ್ದ. 'ದೇವರ ಹೆಚ್ಚಿನ ಮಹಿಮೆಗಾಗಿ' ಅನ್ನೋ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು; ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಘದವರ ಶಾಲೆಗಳ ಹಳೇ ರೂಢಿ. ಗಣಿತಕ್ಕೆ ಮಾತ್ರ ಎರಡು ಸಲ.

ಅಡ್ಡಹೆಸರುಗಳನ್ನು ಅವರವರನ್ನೇ ಕೇಳಿ ಹಾಕಿದೆ. ಬೇಡ ಅಂದವರದ್ದು ತೆಗೆದೆ. ನನ್ನ ಬಗ್ಗೆ ಬರೆದವನು ಮಾತ್ರ ಏನೂ ಕೇಳಲಿಲ್ಲ, ಜಾಸ್ತಿನೇ ನಿಜ ಬರೆದಿದ್ದಾನೆ.